ಆಗಸ್ಟ್ 15ರ ಬಟಾಣಿ, ಹ್ಯಾಮ್ ಇಲ್ಲದೆ

ಇಟಲಿಯ ಬೊಲೊನ್ಯಾದಲ್ಲಿ ಓದುತ್ತಿದ್ದಾಗ ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಅವರು ನನಗೆ ಕಲಿಸಿದ ಮೊದಲ ಅಡುಗೆ ಬಟಾಣಿ-ಪ್ರೊಷುಟ್ಟೊ. ಪ್ರೊಷುಟ್ಟೊ ಅಂದರೆ ಹಂದಿಯ ತೊಡೆಗೆ ಉಪ್ಪು ಹಚ್ಚಿ ಒಣಗಿಸಿದ ಹ್ಯಾಮ್. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಬಟಾಣಿ ಹಾಕಿ, ಒಂದು ಸೌಟು ನೀರು ಬಿಟ್ಟು ಬೇಯಿಸಬೇಕು. ಇಳಿಸುವ ಮುಂಚೆ ಹ್ಯಾಮ್ ಚೂರು ಹಾಕಿ ಒಂದು ಸಲ ಕೈಯಾಡಿಸಿದರೆ ಮುಗಿಯಿತು. ಉಪ್ಪು ಬೇಡ. ಇದಕ್ಕೆ ದುಬಾರಿ ಹ್ಯಾಮ್ ತರಬೇಡ, ಅಂಗಡಿಯಲ್ಲಿ ಗಂಬೂಚ್ಚೊ ಕೇಳು ಅಂತಿದ್ದರು. ಅಂದರೆ ತೊಡೆಯ ತುದಿಯಲ್ಲಿ, ಮೂಳೆ ಹತ್ತಿರ, ತೆಳ್ಳಗೆ ಹೆಚ್ಚಲು ಬಾರದೆ ಉಳಿಯುವ ತುಂಡು. ಅದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ.

ಎರಡನೇ ವರ್ಷ ಆಗಸ್ಟ್ 15ಕ್ಕೆ ಮೂವರನ್ನು ಊಟಕ್ಕೆ ಕರೆದೆ. ನಮಗೆ ಸ್ವಾತಂತ್ರ್ಯ ದಿನ. ಇಟಲಿಯವರಿಗೆ ಫೆರ್ರಾಗೊಸ್ತೊ, ಬೇಸಿಗೆಯ ದೊಡ್ಡ ರಜೆ, ಊರಿಗೆ ಊರೇ ಸಮುದ್ರದ ಕಡೆ ಹೋಗಿರುತ್ತದೆ. ಅಜ್ಜಿಯೂ ರಿಮಿನಿಗೆ ಹೋಗಿದ್ದರು. ನಮ್ಮ ಬೀದಿಯ ಹ್ಯಾಮ್ ಅಂಗಡಿ ವಾರದಿಂದಲೇ ಮುಚ್ಚಿತ್ತು. ಅಂಗಡಿ ತೆರೆದಿದ್ದರೂ ಕಷ್ಟವೇ. ಬರುವವರಲ್ಲಿ ಒಬ್ಬ ಮೊರಾಕೊದ ಸಹಪಾಠಿ, ಅವನು ಹಂದಿ ಮುಟ್ಟುವುದಿಲ್ಲ. ಧಾರವಾಡದ ಹುಡುಗಿ ಮಾಂಸವನ್ನೇ ತಿನ್ನುವುದಿಲ್ಲ. ಮಡಿಕೇರಿ ಕಡೆಯ ಹುಡುಗನೊಬ್ಬನಿಗೆ ಮಾತ್ರ ಯಾವ ತಕರಾರೂ ಇಲ್ಲ.

ಪ್ರೊಷುಟ್ಟೊ ಸಿಗದಿದ್ದರೆ ಬೇಕನ್ ಹಾಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಕನ್ ಸಾಮಾನ್ಯವಾಗಿ ಹಂದಿಯ ಹೊಟ್ಟೆ ಭಾಗದ್ದು, ಹೊಗೆ ಕೊಟ್ಟದ್ದು, ಬೇಯಿಸಿಯೇ ತಿನ್ನುವಂಥದ್ದು. ಪ್ರೊಷುಟ್ಟೊಗೆ ಹೆಸರಾದ ಪಾರ್ಮಾ ಊರಿನ ಹ್ಯಾಮ್ ಹಿಂಗಾಲು, ಅದಕ್ಕೆ ಸೇರುವುದು ಸಮುದ್ರದ ಉಪ್ಪು ಮಾತ್ರ, ಹೊಗೆ ಇಲ್ಲ. ಉಪ್ಪು ಹಚ್ಚಿದಾಗಿನಿಂದ ಕನಿಷ್ಠ 14 ತಿಂಗಳು ಹದವಾಗಲು ಬಿಟ್ಟಿರುತ್ತಾರೆ. ಅಷ್ಟು ಕಾಲದಲ್ಲಿ ಮಾಂಸದ ಪ್ರೋಟೀನ್ ತಾನಾಗಿ ಒಡೆದು ಗ್ಲುಟಮೇಟ್ ಹುಟ್ಟುತ್ತದೆ, ನಾಲಿಗೆ ಮೇಲೆ ಬಹಳ ಹೊತ್ತು ನಿಲ್ಲುವ ಆ ರುಚಿ ಅದರದ್ದೇ. ಹಳೆಯ ಹ್ಯಾಮ್ ಹೋಳನ್ನು ಬೆಳಕಿಗೆ ಹಿಡಿದು ನೋಡಿ, ಕೆಂಪಿನ ನಡುವೆ ರವೆಯಷ್ಟು ಸಣ್ಣ ಬಿಳಿ ಕಾಳುಗಳು ಕಾಣುತ್ತವೆ. ಅದೂ ಒಡೆದ ಪ್ರೋಟೀನೇ, ಕೆಟ್ಟಿದೆ ಅಂತ ಎಸೆಯಬೇಡಿ.

ಬೆಳಿಗ್ಗೆ ರೈಲ್ವೆ ಸ್ಟೇಷನ್ ಹಿಂದಿನ ಬೊಲೊನ್ಯೀನಾಕ್ಕೆ ಹೋದೆ. ಬೇರೆ ಬೇರೆ ದೇಶದವರು ಇರುವ ಬಡಾವಣೆ, ರಜೆಯಲ್ಲೂ ಒಂದೆರಡು ಅಂಗಡಿ ತೆರೆದಿರುತ್ತವೆ. ಅಲ್ಲಿ ಹಲಾಲ್ ಮುದ್ರೆಯ ಬ್ರೆಸಾವೊಲಾ ಸಿಕ್ಕಿತು. ಇದು ದನದ ಮಾಂಸಕ್ಕೆ ಉಪ್ಪು ಹಚ್ಚಿ ಒಣಗಿಸಿದ್ದು, ಉತ್ತರ ಇಟಲಿಯ ವಾಲ್ತೆಲ್ಲೀನಾ ಕಣಿವೆಯದ್ದು ಹೆಸರುವಾಸಿ. ಅಲ್ಲಿನವರು ಬ್ರೆಜಿಲ್‌ನಿಂದ ತರಿಸಿದ ಡುಬ್ಬದ ದನದ ಮಾಂಸವನ್ನೂ ಬಳಸುತ್ತಾರೆ. ಬ್ರೆಜಿಲ್‌ನಲ್ಲಿ ಆ ತಳಿಗೆ ನೆಲೋರೆ ಅಂತ ಹೆಸರು, ಅಂದರೆ ನಮ್ಮ ಪಕ್ಕದ ಆಂಧ್ರದ ನೆಲ್ಲೂರು! ಇದು ತಿಳಿದ ದಿನ ನನಗೆ ತುಂಬಾ ಹೊತ್ತು ಆಶ್ಚರ್ಯ ಹೋಗಿರಲಿಲ್ಲ.

ಮನೆಗೆ ಬಂದು ಬ್ರೆಸಾವೊಲಾ ಹೆಚ್ಚಿ ಬಟಾಣಿಗೆ ಹಾಕಿದೆ. ತಪ್ಪಾಯಿತು. ಅರ್ಧ ನಿಮಿಷದಲ್ಲಿ ಚೂರುಗಳು ಕಪ್ಪಗಾಗಿ, ಅಂಚು ಮುದುಡಿ, ಒಣಗಿದ ತೊಗಲಿನ ಹಾಗಾದವು. ಬಟಾಣಿಗೆ ಉಪ್ಪು ಬಿಟ್ಟರೆ ಏನೂ ಇಳಿಯಲಿಲ್ಲ. ಅದರಲ್ಲಿ ಕೊಬ್ಬೇ ಇಲ್ಲವಲ್ಲ, ಹ್ಯಾಮ್‌ನ ಬಿಳಿ ಅಂಚು ಕರಗಿ ಬಟಾಣಿಗೆ ಹತ್ತುವುದರಲ್ಲೇ ಆ ಅಡುಗೆಯ ಅರ್ಧ ರುಚಿ ಇರುವುದು. ಒಲೆ ಆರಿಸಿ ಸುಮ್ನೆ ನಿಂತು ಯೋಚಿಸಿದೆ. ಹ್ಯಾಮ್ ಬದಲಿಗೆ ಏನು ಹಾಕಲಿ ಅಂತ ಕೇಳಿದ್ದೇ ತಪ್ಪು. ಈ ಅಡುಗೆಯಲ್ಲಿ ಹ್ಯಾಮ್ ಏನು ಮಾಡುತ್ತಿತ್ತು ಅಂತ ಮೊದಲು ನೋಡಬೇಕಿತ್ತು.

ಉಳಿದ ಬ್ರೆಸಾವೊಲಾವನ್ನು ಹಸಿಯಾಗಿಯೇ ತಣ್ಣಗಿನ ಕರ್ಬೂಜದ ಹೋಳಿಗೆ ಸುತ್ತಿದೆ. ಇಟಲಿಯಲ್ಲಿ ಕರ್ಬೂಜಕ್ಕೆ ಹ್ಯಾಮ್ ಸುತ್ತಿ ಕೊಡುವುದು ರೂಢಿ. ಇಲ್ಲಿ ಹ್ಯಾಮ್‌ನ ಕೆಲಸ ಸಿಹಿಯ ಪಕ್ಕ ಉಪ್ಪಾಗಿ ನಿಲ್ಲುವುದು, ಅದನ್ನು ಇದು ಚೆನ್ನಾಗಿ ಮಾಡಿತು. ಕೊಬ್ಬಿನ ಬದಲು ನಾಲ್ಕು ಹನಿ ಆಲಿವ್ ಎಣ್ಣೆ. ಮೊರಾಕೊದವನು ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಎರಡು ವರ್ಷದಿಂದ ಎಲ್ಲರ ಮನೆಯಲ್ಲೂ ಇವನಿಗೆ ಬರೀ ಹಣ್ಣು ಕೊಡುತ್ತಿದ್ದರಂತೆ.

ಬಟಾಣಿಯನ್ನು ಹೊಸ ಬಾಣಲೆಯಲ್ಲಿ ಮತ್ತೆ ಶುರುಮಾಡಿದೆ. ಧಾರವಾಡದ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. "ಅಕ್ಕಾ, ಮ್ಯಾಲೆ ಆ ಚೀಸ್ ತುರದು ಹಾಕ್ರಿ, ಸಾಕು" ಅಂದಳು. ಅವಳು ಹೇಳಿದ್ದು ಪಾರ್ಮಿಜಾನೊ ಚೀಸ್. ಅದನ್ನು ಮಾಡುವಾಗ ಹಾಲು ಒಡೆಯುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದು ಅಲ್ಲಿನ ನಿಯಮವೇ. ಹೇಳಲೋ ಬೇಡವೋ ಅನಿಸಿತು, ಆದರೆ ಹೇಳದೆ ಇರುವುದು ಸರಿಯಲ್ಲ ಅಲ್ವಾ? ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಹಂಗಾರ ಬ್ಯಾಡ್ರಿ" ಅಂದಳು.

ಮನೆಯಲ್ಲಿ ಒಣಗಿಸಿದ ಟೊಮೆಟೊ ಇತ್ತು, ಒಣ ಪೊರ್ಚೀನಿ ಅಣಬೆ ಇತ್ತು. ಎರಡರಲ್ಲೂ ಅದೇ ಗ್ಲುಟಮೇಟ್ ಇದೆ. ಅಣಬೆಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿದೆ, ನೀರು ಕಡು ಕಂದು ಬಣ್ಣಕ್ಕೆ ತಿರುಗಿತು. ತಳದ ಮಣ್ಣು ಬಾರದ ಹಾಗೆ ಬಟ್ಟೆಯಲ್ಲಿ ಸೋಸಿ, ಬಟಾಣಿ ಬೇಯಲು ಅದನ್ನೇ ಬಿಟ್ಟೆ. ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಿದೆ. ಕೊನೆಗೆ ಟೊಮೆಟೊ ಚೂರು, ಉಪ್ಪು ತೊಳೆದ ಕೇಪರ್ (ಉಪ್ಪಿನಲ್ಲಿ ಹಾಕಿಟ್ಟ ಹೂಮೊಗ್ಗು) ನಾಲ್ಕೈದು. ಹ್ಯಾಮ್ ಹಾಕಿದ ರುಚಿ ಬರಲಿಲ್ಲ, ಬರುವುದೂ ಇಲ್ಲ. ಆದರೆ ಬಟಾಣಿ ಸಪ್ಪೆಯಾಗಿರಲಿಲ್ಲ, ಬಾಯಿ ತುಂಬುವ ರುಚಿ ಇತ್ತು.

ಮಡಿಕೇರಿಯವನಿಗೆ ಅಂತ ಫ್ರಿಜ್‌ನಲ್ಲಿದ್ದ ಸ್ಪೆಕ್ ತೆಗೆದೆ. ಇದೂ ಹಂದಿಯ ಹಿಂಗಾಲೇ, ಆದರೆ ಉತ್ತರದ ಗುಡ್ಡಗಾಡಿನದ್ದು, ಜುನಿಪರ್ ಕಾಯಿಯ ಮಸಾಲೆ ಸವರಿ, ಹದವಾಗಿ ಹೊಗೆ ಕೊಟ್ಟು ಒಣಗಿಸುತ್ತಾರೆ. ಅಡುಗೆಗೆ ಪ್ರೊಷುಟ್ಟೊಗೆ ತೀರಾ ಹತ್ತಿರದ್ದು ಇದೇ ಅಂತ ನನ್ನ ಅನಿಸಿಕೆ, ಅಳತೆ ಮಾತ್ರ ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಹೊಗೆ ವಾಸನೆಯೇ ಮೇಲಾಗುತ್ತದೆ. ಅವನು ಹೋಳನ್ನು ಮೊದಲು ಮೂಸಿ ನೋಡಿದ. "ಅಕ್ಕ, ನಮ್ಮಜ್ಜಿ ಒಲೆ ಮೇಲೆ ಮಾಂಸ ತೂಗಿ ಹಾಕ್ತಿದ್ರು, ಮಳೆಗಾಲಕ್ಕೆ ಅಂತ" ಅಂದ. ಆಮೇಲೆ ಊಟ ಮುಗಿಯುವವರೆಗೂ ಅದರದ್ದೇ ಮಾತು.

ಹೊರಡುವಾಗ ಧಾರವಾಡದವಳು ಸೋಸಿದ ಅಣಬೆ ನೀರಲ್ಲಿ ಉಳಿದದ್ದನ್ನು ಒಂದು ಬಾಟಲಿಗೆ ಬಗ್ಗಿಸಿಕೊಂಡಳು, ನಾಳೆ ಸಾರಿಗೆ ಹಾಕಿ ನೋಡ್ತೀನ್ರಿ ಅಂತ.