ಮೀನಿನ ಊರು ಪತ್ತೆ: ಚಿತ್ರಪಟ್ಟಿ ಎಲ್ಲಿಗೆ ಬಂತು?

ಹೊಳೆ, ಸರೋವರಗಳಿಂದ ನೇರವಾಗಿ ಹಿಡಿದು ತಂದ ಅಕ್ವೇರಿಯಂ ಮೀನನ್ನು ಬರೀ ನೋಡಿ ಅದರ ಊರು ಹೇಳೋಕೆ ಆಗುತ್ತಾ ಅಂತ ಒಂದು ಚಿತ್ರಪಟ್ಟಿ ಮಾಡುತ್ತಿದ್ದೇನೆ. ಒಂದೊಂದು ಬಗೆಗೆ ಒಂದು ಪುಟ: ಪಕ್ಕದಿಂದ ತೆಗೆದ ಫೋಟೋ, ಕಣ್ಣಿಗೆ ಕಾಣುವ ಗುರುತು, ಅದು ಸಿಗುವ ಜಾಗ. ಆಫ್ರಿಕಾದ ಟ್ರೋಫಿಯಸ್ ಮೀನಿನ ಪುಟ ಹೆಚ್ಚುಕಡಿಮೆ ಮುಗಿದಿದೆ. ಅಮೆಜಾನ್ ಕಡೆಯ, ತಟ್ಟೆಯಾಕಾರದ ಡಿಸ್ಕಸ್ ಅರ್ಧ ಆಗಿದೆ. ಏಂಜೆಲ್ ಫಿಶ್ ಮಾತ್ರ ಸತಾಯಿಸುತ್ತಿದೆ.

ಟ್ರೋಫಿಯಸ್ ಸಲೀಸಾಗಿದ್ದಕ್ಕೆ ಆ ಮೀನು ಬದುಕುವ ರೀತಿಯೇ ಕಾರಣ. ಟ್ಯಾಂಗನಿಕಾ ಸರೋವರ ಸುಮಾರು 670 ಕಿ.ಮೀ. ಉದ್ದ ಇದೆ. ಆದರೆ ಈ ಮೀನು ದಡದ ಬಂಡೆಗಳ ಮೇಲಿನ ಪಾಚಿ ಕೆರೆದು ತಿನ್ನುತ್ತಾ ಅಲ್ಲೇ ಇದ್ದುಬಿಡುತ್ತದೆ. ನಡುವೆ ಉದ್ದದ ಮರಳು ದಡ ಬಂದರೆ ದಾಟುವುದು ಅಪರೂಪ. ಮೊಟ್ಟೆ, ಮರಿಗಳನ್ನು ತಾಯಿ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಹಾಗಾಗಿ ಮರಿಗಳೂ ದೂರ ತೇಲಿ ಹೋಗುವುದಿಲ್ಲ. ಒಂದೊಂದು ಬಂಡೆಸಾಲಿಗೆ ಒಂದೊಂದು ಬಣ್ಣ ಬಂದಿರುವುದು ಹೀಗೆ.

ಕಪ್ಪು ಮೈ ನಡುವೆ ಅಗಲವಾದ ಹಳದಿ ಪಟ್ಟಿ ಇದ್ದರೆ ತಾಂಜಾನಿಯಾ ದಡದ ಇಕೋಲಾ ಅಂತ ಬರೆದುಕೊಂಡೆ. ಆದರೆ ಟ್ರೋಫಿಯಸ್‌ನದೇ ಇನ್ನೊಂದು ಜಾತಿ ಡುಬೋಯಿಸಿಗೂ ಪಟ್ಟಿ ಇದೆಯಲ್ಲ! ಅದಕ್ಕೆ ತಲೆಯ ಬಣ್ಣವನ್ನೂ ಸೇರಿಸಿದೆ: ದೊಡ್ಡ ಡುಬೋಯಿಸಿಯ ತಲೆ ನೀಲಿ. ಅದರಲ್ಲೂ ಮಾಸ್ವಾ ಕಡೆಯದರ ಪಟ್ಟಿ ಅಗಲ, ಹಳದಿ. ಕಿಗೋಮಾ ಕಡೆಯದು ಕಿರಿದು, ಬಿಳಿ. ಡುಬೋಯಿಸಿ ಮರಿಗಳನ್ನು ಚಿತ್ರಪಟ್ಟಿಯಿಂದ ಹೊರಗಿಟ್ಟಿದ್ದೇನೆ. ಕಪ್ಪು ಮೈ ತುಂಬಾ ಬಿಳಿ ಚುಕ್ಕೆ, ಎಲ್ಲಿಯ ಮರಿಯಾದರೂ ಒಂದೇ ಥರ.

ಡಿಸ್ಕಸ್‌ನಲ್ಲಿ ನೋಡಬೇಕಾದ್ದು ಮೈಮೇಲೆ ಮೇಲಿಂದ ಕೆಳಕ್ಕೆ ಇಳಿಯುವ ಪಟ್ಟಿಗಳು. ಹೆಕೆಲ್ ಡಿಸ್ಕಸ್‌ಗೆ ಮೊದಲನೆಯದು, ಐದನೆಯದು, ಒಂಬತ್ತನೆಯದು ಉಳಿದವುಗಳಿಗಿಂತ ದಪ್ಪ. ಐದನೆಯದಂತೂ ದೂರದಿಂದಲೇ ಎದ್ದು ಕಾಣುತ್ತದೆ. ಮೀನು ಆರಾಮಾಗಿದ್ದಾಗ ಪಟ್ಟಿಗಳು ಮಸುಕಾಗುತ್ತವೆ, ಲೈಟ್ ಥಟ್ಟನೆ ಹಾಕಿದರೆ ಹೆದರಿ ಮತ್ತೆ ಗಾಢವಾಗುತ್ತವೆ. ಮೈಬಣ್ಣದ ಫೋಟೋ ತೆಗೆಯೋಕೆ ಹೆದರಿದ ಮೀನು ಬೇಡ, ಪಟ್ಟಿ ಎಣಿಸೋಕೆ ಅದೇ ಬೇಕು! ಹಸಿರು ಡಿಸ್ಕಸ್‌ಗೆ ಬಾಲದ ಮುಂದಿನ ಕೆಳರೆಕ್ಕೆಯ ಮೇಲೆ ಕೆಂಪು ಚುಕ್ಕೆ ಇದ್ದರೆ ಟೆಫೆ ಕಡೆಯ, ಅಂದರೆ ಪಶ್ಚಿಮ ಅಮೆಜಾನಿನ ಬಗೆ ಅನ್ನಬಹುದು. ಹೆಕೆಲ್ ಅಂದ ಕೂಡಲೇ ರಿಯೊ ನೆಗ್ರೊ ಅಂತ ಬರೆಯಬಾರದು. ಅದು ನ್ಯಾಮುಂಡಾ, ಟ್ರೊಂಬೆಟಾಸ್, ಅಬಾಕಾಶಿಸ್ ನದಿಗಳಲ್ಲೂ ಇದೆ. ನೀಲಿ, ಕಂದು ಡಿಸ್ಕಸ್ ಪುಟದಲ್ಲಿ ಊರಿನ ಕಾಲಂ ಖಾಲಿ ಬಿಟ್ಟಿದ್ದೇನೆ. ಒಂದೇ ಬಲೆಗೆ ಗೆರೆ ತುಂಬಿದ್ದೂ ಬರುತ್ತದೆ, ಸಾದಾದ್ದೂ ಬರುತ್ತದೆ.

ಇನ್ನು ಏಂಜೆಲ್. ಇದರಲ್ಲಿ ಮೂರು ಜಾತಿ: ಆಲ್ಟಮ್, ಲಿಯೊಪೋಲ್ಡಿ, ಸ್ಕೇಲಾರೆ. ಆಲ್ಟಮ್‌ಗೆ ಮೂತಿಯ ಮೇಲೆ ಎದ್ದು ಕಾಣುವ ತಗ್ಗು, ಅಲ್ಲಿಂದ ನೇರ ಮೇಲಕ್ಕೇರುವ ಹಣೆ. ಅದರ ಊರು ಒರಿನೊಕೊ ನದಿ ಇಲ್ಲವೇ ರಿಯೊ ನೆಗ್ರೊದ ಮೇಲ್ಭಾಗ. ಲಿಯೊಪೋಲ್ಡಿಗೆ ಆ ತಗ್ಗು ಇಲ್ಲ, ಬೆನ್ನಿನ ರೆಕ್ಕೆಯ ಬುಡದಲ್ಲಿ ಕಪ್ಪು ಚುಕ್ಕೆ ಇದೆ. ಇವೆರಡರಲ್ಲಿ ತಕರಾರಿಲ್ಲ. ಉಳಿದ ಸ್ಕೇಲಾರೆ ಅಮೆಜಾನ್ ಉದ್ದಕ್ಕೂ ಹಬ್ಬಿದೆ, ಒಂದೊಂದು ಹೊಳೆಯದು ಸ್ವಲ್ಪ ಸ್ವಲ್ಪ ಬೇರೆ. ಪೆರುವಿನ ನಾನಾಯ್ ನದಿಯದನ್ನು ‘ಪೆರು ಆಲ್ಟಮ್’ ಅಂತ ಮಾರುತ್ತಾರೆ. ಅದೂ ಸ್ಕೇಲಾರೆನೇ. ಬ್ರೆಜಿಲ್‌ನ ಮನಕಾಪುರುವಿನದಕ್ಕೆ ಬೆನ್ನ ಮೇಲೆ ತುಕ್ಕುಗೆಂಪು ಇದೆ ನಿಜ. ಆದರೆ ಅಸ್ಟಾಕ್ಸಾಂಥಿನ್ ಅನ್ನುವ ಕೆಂಪು ಬಣ್ಣದ ವಸ್ತು ಇರುವ ಆಹಾರ ಹಾಕಿದರೆ ಯಾವ ಕೆಂಪಾದರೂ ಗಾಢವಾಗುತ್ತದೆ ಅಲ್ವಾ? ಹಾಗಾಗಿ ಬಣ್ಣವನ್ನು ಕೊನೆಯ ಕಾಲಂಗೆ ತಳ್ಳಿ, ಹಣೆಯ ಆಕಾರವನ್ನು ಮೊದಲಿಗೆ ತಂದೆ.

ಲೇಬಲ್‌ಗೂ ಒಂದು ಕಾಲಂ ಹಾಕಿದ್ದೇನೆ. ಇಕಿಟೋಸ್, ಮನಾಸ್ ಅಂತಿದ್ದರೆ ಅದು ಮೀನು ರಫ್ತಾದ ಊರಿರಬಹುದು, ಹಿಡಿದ ಜಾಗವೇ ಅಂತಲ್ಲ. ಮುಂದಿನ ಕೆಲಸ ಸ್ಕೇಲಾರೆ ಫೋಟೋಗಳನ್ನೆಲ್ಲ ಒಂದೇ ಅಳತೆಗೆ ತಂದು ಹಣೆಯ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು. ನದಿ ನದಿಗೂ ವ್ಯತ್ಯಾಸ ಕಾಣದಿದ್ದರೆ ಆ ಪುಟದಲ್ಲಿ ‘ಅಮೆಜಾನ್’ ಅಂತಷ್ಟೇ ಬರೆಯುತ್ತೇನೆ.