ಆ ಜೀನ್ಸ್ ಒಗಿತೀರೋ ಇಲ್ಲೋ?

ಒಗಿತೀನಿ. ಉತ್ತರ ಇಷ್ಟೇ. ಇಷ್ಟು ಸಾಕಾದವರು ಇಲ್ಲಿಂದಲೇ ಎದ್ದು ಹೋಗಬಹುದು, ಬೇಜಾರಿಲ್ಲ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ (ಲೋಹ ಎರಕ ಹೊಯ್ಯುವ) ಕೆಲಸ ಮಾಡುವವನು ರಾ ಡೆನಿಮ್ ಹಾಕುತ್ತಾನೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವ ಧಾಟಿ ನೋಡಬೇಕು. "ಒಗಿತೀರೋ ಇಲ್ಲೋ" ಅನ್ನುವಷ್ಟರಲ್ಲಿ ಮೂಗು ಅರ್ಧ ಮುಚ್ಚಿರುತ್ತದೆ. ಇನ್ನೊಂದು ಜಾತಿ ಇದೆ, ಮೊಬೈಲ್ ನೋಡಿ ಪಂಡಿತರಾದವರು: "ಅದನ್ನ ಆರು ತಿಂಗಳು ನೀರಿಗೆ ಹಾಕಬಾರದಂತಲ್ರೀ, ನೀವ್ಯಾಕ ಒಗದ್ರಿ?" ಒಗೆಯದಿದ್ದರೆ ಹೊಲಸು, ಒಗೆದರೆ ಅಪರಾಧ. ಎರಡೂ ಕಡೆಯವರಿಗೆ ಒಂದೇ ಸಲ ಹೇಳಿ ಮುಗಿಸುತ್ತೇನೆ.

ರಾ ಡೆನಿಮ್ ಅಂದರೆ ಹೊಲಿದ ಮೇಲೆ ವಾಷಿಂಗ್ ಘಟಕದ ಮುಖ ನೋಡದ ಬಟ್ಟೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಜೀನ್ಸ್, ನಮ್ಮ ಬಳ್ಳಾರಿಯದೂ ಸೇರಿ, ಅಲ್ಲಿ ತಿರುಗಿ ಮೆತ್ತಗಾಗಿಯೇ ಬರುತ್ತದೆ. ವಡಗಾವಿ, ಶಹಾಪುರದ ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ: ಹಾಸು, ಅಂದರೆ ಉದ್ದದ ಎಳೆ, ನೀಲಿ; ಹೊಕ್ಕು, ಅಂದರೆ ಅಡ್ಡ ಎಳೆ, ಬಿಳಿ; ಹಾಸಿನ ಎಳೆಗೆ ಗಂಜಿ. ಇಂಡಿಗೋ ನೀರಿನಲ್ಲಿ ಕರಗದ ಬಣ್ಣ. ಅದನ್ನು ರಾಸಾಯನಿಕದಿಂದ ಕರಗಿಸಿ, ನೂಲು ಅದ್ದಿ, ಮೇಲೆತ್ತಿ ಗಾಳಿಗೆ ಹಿಡಿದಾಗ ಮತ್ತೆ ನೀಲಿಯಾಗಿ ಎಳೆಯ ಹೊರಮೈಗೆ ಕೂರುತ್ತದೆ. ಒಳಗಿನ ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಅದಕ್ಕೇ ತಿಕ್ಕಿದಲ್ಲಿ, ಮಡಿಕೆ ಬಿದ್ದಲ್ಲಿ ಬಿಳಿ ಗೆರೆ ಮೂಡುವುದು. ಆ ಗೆರೆ ಎದ್ದು ಕಾಣಲಿ ಅಂತ ಶೋಕಿಯವರು ಒಗೆಯುವುದನ್ನು ಮುಂದೂಡುತ್ತಾರೆ. ಮುಂದೂಡಲಿ.

2011ರ ಆಸುಪಾಸಿನಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 15 ತಿಂಗಳು ಒಗೆಯದೆ ಹಾಕಿದ ಜೀನ್ಸ್ ಪರೀಕ್ಷೆಗೆ ಹೋಯಿತು. ಒಗೆದು ಎರಡು ವಾರ ಹಾಕಿದ ಮೇಲೆ ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೂ ಮೊದಲಿನದಕ್ಕೂ ದೊಡ್ಡ ಫರಕು ಕಾಣಲಿಲ್ಲ. 2014ರಲ್ಲಿ ಲೀವೈಸ್ ಕಂಪನಿಯ ಮುಖ್ಯಸ್ಥರೇ ತಮ್ಮ ಜೀನ್ಸ್ ಒಂದು ವರ್ಷದಿಂದ ವಾಷಿಂಗ್ ಮಷೀನ್ ಕಂಡಿಲ್ಲ ಅಂದರು. ಪಂಡಿತರು ಇವೆರಡನ್ನೂ ನನ್ನ ಮುಂದೆ ಹಿಡಿಯುತ್ತಾರೆ. ಅಲ್ರೀ, ಒಬ್ಬ ಕ್ಲಾಸಿನಲ್ಲಿ ಕೂತವನು, ಇನ್ನೊಬ್ಬರು ಕ್ಯಾಬಿನ್ನಿನಲ್ಲಿ ಕೂತವರು. ಅವರ ಪ್ಯಾಂಟಿನಲ್ಲಿದ್ದದ್ದು ಬೆವರು. ನಮ್ಮದರಲ್ಲಿ ಇರುವುದು ಮೋಲ್ಡಿಂಗಿನ, ಅಂದರೆ ಎರಕದ ಅಚ್ಚು ಕಟ್ಟುವ, ಕಪ್ಪು ಉಸುಕು: ಸಿಲಿಕಾ, ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ. ಅದರ ಮೇಲೆ ಎರಕದ ಅಂಚು ಕೆರೆಯುವ ಫೆಟ್ಲಿಂಗ್‌ನ ಕಬ್ಬಿಣದ ಪುಡಿ, ಮಷೀನ್ ಶಾಪಿನಲ್ಲಿ ಲೋಹ ತಣಿಸುವ ಕೂಲಂಟ್ ದ್ರವ, ಗ್ರೀಸು.

ಸಿಲಿಕಾ ಉಕ್ಕಿನ ಚಾಕುವಿಗಿಂತ ಗಟ್ಟಿ. ಎಳೆಗಳ ನಡುವೆ ಸೇರಿದ ಉಸುಕು ನೀವು ಕೂತಾಗ, ಎದ್ದಾಗ, ಬಗ್ಗಿದಾಗಲೆಲ್ಲ ಹತ್ತಿಯನ್ನು ಕುಯ್ಯುತ್ತಲೇ ಇರುತ್ತದೆ. ಬೆವರಿನ ಉಪ್ಪು ಬಟ್ಟೆಯನ್ನು ಒರಟು ಮಾಡುತ್ತದೆ. ಮೊದಲು ಹೋಗುವುದು ತೊಡೆಸಂದಿ, ಆಮೇಲೆ ಮೊಣಕಾಲು. ಒಗೆಯದೆ ಬಣ್ಣ ಉಳಿಸಲು ಹೋದರೆ ಇಲ್ಲಿ ಬಣ್ಣ ಉಳಿಯುತ್ತದೆ, ಪ್ಯಾಂಟು ಉಳಿಯುವುದಿಲ್ಲ.

ಎಣ್ಣೆಯದು ಬೇರೆ ಕಥೆ. ಕೂಲಂಟ್, ಕಟಿಂಗ್ ಆಯಿಲ್ ಹೀರಿದ ದಪ್ಪ ಬಟ್ಟೆ ದಿನವಿಡೀ ತೊಡೆಗೆ ಅಂಟಿದರೆ ಕೂದಲಿನ ಬುಡದಲ್ಲಿ ಗುಳ್ಳೆ ಏಳುತ್ತವೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಹತ್ತಿ ಗಿರಣಿಗಳಲ್ಲಿ ನೂಲು ತೆಗೆಯುವ ಮ್ಯೂಲ್ ಯಂತ್ರ ನಡೆಸುತ್ತಿದ್ದವರ ಪ್ಯಾಂಟಿನ ಮುಂಭಾಗ ಖನಿಜ ಎಣ್ಣೆಯಲ್ಲಿ ತೊಯ್ದಿರುತ್ತಿತ್ತು. ಅವರಲ್ಲಿ ವೃಷಣಚೀಲದ ಚರ್ಮದ ಕ್ಯಾನ್ಸರ್ ಎಷ್ಟು ಕಂಡಿತೆಂದರೆ, ಆ ರೋಗಕ್ಕೆ ಅವರ ಕಸುಬಿನ ಹೆಸರೇ ಬಿತ್ತು. ಈಗಿನ ಎಣ್ಣೆ ಹೆಚ್ಚು ಶುದ್ಧೀಕರಿಸಿದ್ದು, ನಿಜ. ಹಾಗಂತ ಎಣ್ಣೆ ಪ್ಯಾಂಟು ಮರುದಿನ ಮತ್ತೆ ಏರಿಸಬೇಡಿ. ಎರಡು ಜೋಡಿ ಇಟ್ಟುಕೊಳ್ಳಿ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ? ಕ್ಯಾಲೆಂಡರ್ ನೋಡಿ ಅಲ್ಲ, ಕೊಳೆ ನೋಡಿ. ಎಣ್ಣೆ ಒಳಗಿನವರೆಗೆ ಇಳಿದಿದ್ದರೆ ಅವತ್ತೇ. ಉಸುಕಿನ ಕೆಲಸವಿದ್ದರೆ ವಾರಕ್ಕೊಮ್ಮೆ. ಬರೀ ಅಸೆಂಬ್ಲಿ, ಪ್ಯಾಕಿಂಗ್ ಇದ್ದರೆ ವಾಸನೆ ಬರುವ ತನಕ ಕಾಯಬಹುದು.

ಹೊಸ ಪ್ಯಾಂಟಿಗೆ ಮೊದಲು ನೆನೆಹಾಕುವ ಕೆಲಸ. ಸ್ಯಾನ್‌ಫೊರೈಸ್ ಮಾಡಿದ, ಅಂದರೆ ಗಿರಣಿಯಲ್ಲೇ ಮೊದಲು ಕುಗ್ಗಿಸಿದ ಬಟ್ಟೆ ಶೇ. 1ರಿಂದ 3 ಕುಗ್ಗುತ್ತದೆ, ಮಾಡದ್ದು ಶೇ. 7ರಿಂದ 10. ಅಂದರೆ 32 ಇಂಚಿನ ಕಾಲಿನಲ್ಲಿ ಎರಡು-ಮೂರು ಇಂಚು ಹೋಯಿತು. ಅಳತೆಗೆ ಸರಿಯಾದದ್ದು ಕೊಂಡು, ಎರಡು ತಿಂಗಳು ಹಾಕಿ, ಆಮೇಲೆ ಒಗೆದು "ಟೈಟ್ ಆತು" ಅಂತ ಅಂಗಡಿಯವನ ಜೊತೆ ಜಗಳ ತೆಗೆಯುವವರು ಬಹಳ. ಒಳಮೈ ಹೊರಗೆ ತಿರುವಿ, ಬಿಸಿನೀರಿನಲ್ಲಿ ಮುಕ್ಕಾಲು ತಾಸು ಮುಳುಗಿಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಕೆಲಸಕ್ಕೆ ಹಾಕಿ. ಗಂಜಿಯೂ ಒಂದಷ್ಟು ಬಿಡುತ್ತದೆ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವ ಮಾತು ಇಂಡಿಗೋಗೆ ಲಾಗೂ ಆಗುವುದಿಲ್ಲ.

ಇನ್ನು ಕೊಳೆ ಪ್ಯಾಂಟು. ಎಣ್ಣೆ ಕಲೆಗೆ ಪಾತ್ರೆ ತಿಕ್ಕುವ ಲಿಕ್ವಿಡ್ ಹಚ್ಚಬೇಕಾದದ್ದು ಬಟ್ಟೆ ಒಣ ಇರುವಾಗಲೇ. ಒದ್ದೆಯಾದ ಮೇಲೆ ಹಚ್ಚಿದರೆ ಬರೀ ನೊರೆ. ಬೆರಳಿನಿಂದ ಒತ್ತಿ ಕಾಲು ತಾಸು ಬಿಡಿ. ಆಮೇಲೆ ಇಡೀ ಪ್ಯಾಂಟನ್ನು ತಣ್ಣೀರಿನಲ್ಲಿ ಅದ್ದಿ, ಎತ್ತಿ, ನೀರು ಚೆಲ್ಲಿ. ಹೀಗೆ ಎರಡು ಮೂರು ಸಲ. ಬಕೆಟ್ಟಿನ ತಳಕ್ಕೆ ಕಪ್ಪು ಉಸುಕು ಕೂರುವುದು ನಿಲ್ಲುವ ತನಕ ಸೋಪಿನ ಪುಡಿ ಮುಟ್ಟಬೇಡಿ, ಬ್ರಷ್ ಅಂತೂ ಬೇಡವೇ ಬೇಡ. ಬೆಂಟೊನೈಟ್ ನೀರು ಕುಡಿದು ಉಬ್ಬಿ ಲೋಳೆಯಾಗುತ್ತದೆ. ತಿಕ್ಕಿದರೆ ಉಸುಕನ್ನು ಕಟ್ಟಿಕೊಂಡು ಇನ್ನೂ ಒಳಗೆ ಇಳಿಯುತ್ತದೆ. ಸಣ್ಣ ಜೇಬಿನ ಮೂಲೆ ಹೊರಗೆಳೆದು ಜಾಲಿಸಿ. ಅರ್ಧ ಉಸುಕು ಇರುವುದು ಅಲ್ಲಿ.

ಆಮೇಲೆ 10 ಲೀಟರ್ ಬೆಚ್ಚಗಿನ ನೀರು, ಎರಡು ದೊಡ್ಡ ಚಮಚ ಡಿಟರ್ಜೆಂಟ್, ಒಳಮೈ ಹೊರಗೆ, ಅರ್ಧ ತಾಸು. ಕೈಯಿಂದ ಇಲ್ಲವೆ ಕಾಲಿನಿಂದ ಒತ್ತುತ್ತಿರಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಬಾರ್ ಸಾಬೂನು ಬಿಟ್ಟು ಲಿಕ್ವಿಡ್ ಬಳಸಿ, ಇಲ್ಲವಾದರೆ ಬೂದು ಬಣ್ಣದ ಜಿಡ್ಡು ಎಳೆಗೆ ಅಂಟುತ್ತದೆ. ತುಕ್ಕಿನ ಕಲೆಗೆ ಲಿಂಬೆರಸ. ಬ್ಲೀಚ್ ಹಾಕಿದಿರೋ, ಇಂಡಿಗೋ ಹಾಳಾಗುತ್ತದೆ, ತುಕ್ಕು ಹಾಗೇ ಕೂತಿರುತ್ತದೆ. ಮೂರು ನೀರಿನಲ್ಲಿ ಜಾಲಿಸಿ.

ಸೀಮೆಎಣ್ಣೆ, ಡೀಸೆಲ್, ಥಿನ್ನರಿನಲ್ಲಿ ಅದ್ದುವ ಚಟ ಬಿಡಿ. ಗ್ರೀಸು ಹೋಗುತ್ತದೆ, ಒಪ್ಪಿದೆ. ಆದರೆ 14 ಔನ್ಸಿನ ಬಟ್ಟೆ ಅಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. ಅಷ್ಟು ದಪ್ಪದೊಳಗೆ ಉಳಿದ ಸೀಮೆಎಣ್ಣೆ ಹೊತ್ತು ನೀವು ನಿಲ್ಲುವುದು ಗ್ರೈಂಡರ್ ಕಿಡಿಯ ಮುಂದೆ. ಫ್ರೀಜರ್ ಸಲಹೆಯೂ ಬೇಡ. ಚಳಿಗೆ ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ, ಹೆಚ್ಚಿನವು ಸಾಯುವುದಿಲ್ಲ. ಫೌಂಡ್ರಿ ಪ್ಯಾಂಟನ್ನು ಐಸ್‌ಕ್ರೀಮ್ ಡಬ್ಬಿಯ ಬಾಜೂ ಇಡಲು ಹೋದವನನ್ನು ಮನೆಯವರು ಏನು ಮಾಡುತ್ತಾರೆ ಅನ್ನುವುದು ಬೇರೆ ಮಾತು.

ಇಷ್ಟೆಲ್ಲ ಕೇಳುವವರು ಒಂದು ಮಾತ್ರ ಕೇಳುವುದಿಲ್ಲ: ಅದನ್ನ ಯಾರು ಒಗಿತಾರ, ಎಲ್ಲಿ ಒಗಿತಾರ?

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಉತ್ತರ ಹೆಂಡತಿ ಇಲ್ಲವೆ ಅವ್ವ. ಹಿತ್ತಲಿನಲ್ಲಿ ಪ್ಯಾಂಟು ಎತ್ತಿ ಫಟ್ ಅಂತ ಝಾಡಿಸಿ, ಆಮೇಲೆ ಕಲ್ಲಿಗೆ ಬಡಿಯುತ್ತಾರೆ. ಆ ಝಾಡಿಸುವಾಗ ಕಣ್ಣಿಗೆ ಕಾಣುವ ಧೂಳು ಅಷ್ಟು ಕೆಟ್ಟದ್ದಲ್ಲ. ಪುಪ್ಪುಸದ ಆಳಕ್ಕೆ ಇಳಿಯುವ ಸಿಲಿಕಾ ಕಣ ಕಣ್ಣಿಗೆ ಕಾಣುವುದೇ ಇಲ್ಲ. ನಮಗಾದರೆ ಮಾಸ್ಕ್ ಕೊಟ್ಟಿರುತ್ತಾರೆ, ಹಾಕುವುದು ಬಿಡುವುದು ನಮ್ಮ ಕರ್ಮ. ಅವ್ವನಿಗೆ ಯಾರು ಕೊಟ್ಟಿದ್ದಾರೆ? ಆದ್ದರಿಂದ ಪ್ಯಾಂಟನ್ನು ಕೆಲಸದಲ್ಲೇ ಬದಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ಝಾಡಿಸದೆ ಚೀಲದಿಂದ ಸೀದಾ ನೀರಿಗೆ ಇಳಿಸಿ. ಮಕ್ಕಳ ಬಟ್ಟೆಯ ಜೊತೆ ಬೆರೆಸಬೇಡಿ. ಕೆಲಸ ಮುಗಿದ ಮೇಲೆ ಕಂಪ್ರೆಸರ್ ಗಾಳಿ ಹಿಡಿದು ಮೈ ಝಾಡಿಸಿಕೊಳ್ಳುವುದಂತೂ ಧೂಳನ್ನು ಮೂಗಿಗೆ ತಾನೇ ಊದಿಕೊಂಡ ಹಾಗೆ. ಬಟ್ಟೆ ಬದಲಿಸಿ ಇಡಲು, ಒದ್ದೆ ಬಟ್ಟೆ ಒಣಗಿಸಲು ಕಾರ್ಖಾನೆಯಲ್ಲೇ ಜಾಗ ಬೇಕು ಅಂತ ನಿಯಮ ಮಾಡುವ ಅಧಿಕಾರವನ್ನು 1948ರ ಫ್ಯಾಕ್ಟರಿ ಕಾಯ್ದೆಯ 43ನೇ ಕಲಮು ರಾಜ್ಯ ಸರ್ಕಾರಗಳಿಗೆ ಕೊಟ್ಟಿತ್ತು. ಸಣ್ಣ ಶೆಡ್ಡುಗಳಲ್ಲಿ ಆ ಜಾಗ ಅಂದರೆ ಗೋಡೆಗೆ ಹೊಡೆದ ಎರಡು ಮೊಳೆ.

ಕರಗಿದ ಲೋಹದ ವಿಷಯಕ್ಕೂ ಜೀನ್ಸ್ ಎಳೆಯುತ್ತಾರೆ. ಹತ್ತಿ ಸುಟ್ಟು ಕರಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಅಷ್ಟರ ಮಟ್ಟಿಗೆ ಸ್ಟ್ರೆಚ್ ಜೀನ್ಸಿಗಿಂತ ಪೂರ್ತಿ ಹತ್ತಿಯದು ವಾಸಿ. ಆದರೆ ಲೋಹ ಸುರಿಯುವ ಪೋರಿಂಗ್‌ನಲ್ಲಿ ಕಬ್ಬಿಣ 1400 ಡಿಗ್ರಿಯ ಆಸುಪಾಸು ಇರುತ್ತದೆ. ಅಲ್ಲಿ ಜೀನ್ಸ್ ರಕ್ಷಣೆಯಲ್ಲ, ಬರೀ ಪ್ಯಾಂಟು. ಮೇಲೆ ಲೆಗ್ಗಾರ್ಡ್ ಬೇಕೇ ಬೇಕು. ಅಂಚಿನ ಕೆಂಪು ದಾರ ಕಾಣಲೆಂದು ಕೆಳಗೆ ಮಡಚುವ ಶೋಕಿ ಇದೆಯಲ್ಲ, ಅದನ್ನು ಗೇಟಿನ ಹೊರಗೆ ಮಾಡಿ. ಆ ಮಡಿಕೆ ಕಿಡಿ, ಲೋಹದ ಹನಿ ಹಿಡಿಯುವ ಜೋಳಿಗೆ. ಕಾಲು ಬೂಟಿನ ಮೇಲೆ ಇಳಿಬಿದ್ದಿರಲಿ, ಒಳಗೆ ತುರುಕಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ದಪ್ಪ ಡೆನಿಮ್ ಒಣಗಿಸುವುದು ತಪಸ್ಸೇ. ಸೊಂಟದ ಪಟ್ಟಿ ಹಿಡಿದು ನೇತುಹಾಕಿ, ಜೇಬು ಹೊರಗೆಳೆಯಿರಿ, ಫ್ಯಾನ್ ಹಚ್ಚಿ. ಜೇಬಿನ ಬುಡ, ಪಟ್ಟಿಯ ಒಳಗು ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಗಂಜಿ ಬಿಡದ ಬಟ್ಟೆಗೆ ಇನ್ನೂ ಬೇಗ.

ತೊಡೆಸಂದಿಯನ್ನು ಬೆಳಕಿಗೆ ಹಿಡಿದಾಗ ನೀಲಿ ಎಳೆ ಸವೆದು ಬಿಳಿ ಹೊಕ್ಕು ಮಾತ್ರ ಕಂಡರೆ ತೂತು ಬೀಳುವ ಮೊದಲೇ ಒಳಗಿನಿಂದ ತ್ಯಾಪಿ ಹಾಕಿಸಿ. ತ್ಯಾಪಿಯ ಬಟ್ಟೆ ಮೊದಲೇ ಒಗೆದದ್ದಿರಲಿ, ಪ್ಯಾಂಟಿಗಿಂತ ತೆಳುವಿರಲಿ. ದಪ್ಪದ್ದಾದರೆ ಅದರ ಅಂಚಿನಲ್ಲೇ ಹರಿಯುತ್ತದೆ. ಟೇಲರ್ ಹತ್ತಿರ ಒಯ್ಯುವಾಗ ಉಸುಕು ಪೂರ್ತಿ ತೆಗೆದಿರಿ, ಮಷೀನಿಗೆ 16 ಇಲ್ಲವೆ 18 ನಂಬರಿನ ಸೂಜಿ ಹಾಕಲು ಹೇಳಿ. ಶರ್ಟಿನ ಸೂಜಿಯಲ್ಲೇ ಹೊಲಿಯಲು ಹೋಗಿ ಅದನ್ನು ಮುರಿದು, ರೊಕ್ಕ ನಿಮ್ಮ ಹತ್ತಿರ ಕೇಳುತ್ತಾರೆ.