ಲೈಸಿಯಾದ ಸಮಾಧಿ ಮಾದರಿ: ಪೀಠ ಮುಗಿಯಿತು, ಕಂಬಗಳು ಎದ್ದವು

ಲೈಸಿಯಾದ ಕ್ಸಾಂಥಸ್ ನಗರದ ನೆರೀಡ್ ಸ್ಮಾರಕದ ಮಾದರಿ ಮಾಡುತ್ತಿದ್ದೇನೆ; ಅದರ ಪೀಠ ಕೊನೆಗೂ ಸಿದ್ಧವಾಗಿದೆ. ಅಳತೆ 1:50. ಮೂಲದ ತಳ ಸುಮಾರು 10 ಮೀಟರ್ ಉದ್ದ, 7 ಮೀಟರ್ ಅಗಲ. ನನ್ನ ಮೇಜಿನ ಮೇಲೆ ಅದೇ 20 ಸೆಂಟಿಮೀಟರ್ ಉದ್ದದ ಫೋಮ್ ಬೋರ್ಡ್ ಪೆಟ್ಟಿಗೆ.

ಲೈಸಿಯಾ ಎಂದರೆ ಇಂದಿನ ಟರ್ಕಿಯ ನೈಋತ್ಯ ಕರಾವಳಿ. ಜನರ ನುಡಿ ಲೈಸಿಯನ್, ಅಧಿಕಾರ ಪರ್ಷಿಯಾದ್ದು, ಶಿಲ್ಪದ ಒಲವು ಗ್ರೀಸಿನ ಕಡೆಗೆ. ಕ್ರಿ.ಪೂ. 380ರ ಸುಮಾರಿನ ಈ ಸಮಾಧಿ ಅರ್ಬಿನಾಸ್ ಎಂಬ ಸ್ಥಳೀಯ ಅರಸನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಇದರ ಒಂದು ಮುಖವನ್ನು ಮರುಜೋಡಿಸಿ ನಿಲ್ಲಿಸಿದ್ದಾರೆ. ನನ್ನ ಅಳತೆಗಳಿಗೆಲ್ಲ ಅದರ ಚಿತ್ರಗಳೇ ಆಧಾರ.

ಮುಂದೆ ನಾಲ್ಕು, ಪಕ್ಕದಲ್ಲಿ ಆರು, ಮೂಲೆಯವನ್ನು ಒಂದೇ ಸಲ ಎಣಿಸಿದರೆ ಸುತ್ತಲೂ ಒಟ್ಟು 16 ಅಯೋನಿಕ್ ಕಂಬಗಳು, ಅಂದರೆ ತಲೆಯಲ್ಲಿ ಸುರುಳಿಗಳಿರುವ ಗ್ರೀಕ್ ಶೈಲಿಯವು. ಬೋದಿಗೆಯ ಸುರುಳಿಗಳಿಗೆ ಕಿವಿಯೋಲೆ ಮಾಡುವ ಕ್ವಿಲ್ಲಿಂಗ್ ಕಾಗದವನ್ನೇ ಬಳಸಿದೆ. ಸುತ್ತಿ, ಫೆವಿಕಾಲ್ ಹಚ್ಚಿ, ಒಣಗಿದ ಮೇಲೆ ಬಿಳಿ ಬಣ್ಣ ಬಳಿದರೆ ಕಾಗದವೆಂದು ತಿಳಿಯುವುದೇ ಇಲ್ಲ.

ಹೆಚ್ಚು ಸಮಯ ಹಿಡಿದದ್ದು ಪೀಠದ ಕಿರಿಯ ಶಿಲ್ಪಪಟ್ಟಿ. ಬೆರಳಗಲಕ್ಕಿಂತ ಕಿರಿದಾದ ಎಪಾಕ್ಸಿ ಪುಟ್ಟಿಯ ಮೇಲೆ ಸೂಜಿಯಿಂದ ಗೀರಬೇಕು. ಅಲ್ಲಿರುವುದು ನಗರದ ಮುತ್ತಿಗೆ. ಯೋಧರ ಮೈಕಟ್ಟು, ಬಟ್ಟೆಯ ನೆರಿಗೆ ಎಲ್ಲವೂ ಗ್ರೀಕ್ ಕೈಚಳಕ. ಅರಸನ ಬಳಿ ಬಂದಾಗ ಮಾತ್ರ ನೋಟ ಬದಲಾಗುತ್ತದೆ: ತಲೆಗೆ ಪರ್ಷಿಯನ್ ಟೋಪಿ, ಹಿಂದೆ ಕೊಡೆ ಹಿಡಿದ ಸೇವಕ, ಎದುರಿಗೆ ಶರಣಾಗಲು ಬಂದ ಹಿರಿಯರು. ಛತ್ರದ ಗತ್ತು ಏನೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಈ ಕೊಡೆಯನ್ನು ಮೂಡಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಲೈಸಿಯನ್ನರು ಗ್ರೀಕರನ್ನು ಅನುಕರಿಸಿದರು ಎಂದು ಓದಿದಾಗಲೆಲ್ಲ ನನಗೆ ಅಸಮಾಧಾನವಾಗುತ್ತದೆ. ಗ್ರೀಕರು ದೇವರಿಗೆಂದು ಕಟ್ಟುತ್ತಿದ್ದ ಗುಡಿಯ ರೂಪವನ್ನು ಇವರು ತೀರಿಕೊಂಡ ಅರಸನಿಗೆ ಕೊಟ್ಟರು, ಅದನ್ನೂ ಎತ್ತರದ ಪೀಠದ ಮೇಲೇರಿಸಿದರು. ಸತ್ತವರನ್ನು ಎತ್ತರದಲ್ಲಿಡುವುದು ಅವರದೇ ಪದ್ಧತಿ. ಅದೇ ಊರಿನ, ಇದಕ್ಕಿಂತ ಸುಮಾರು ನೂರು ವರ್ಷ ಹಳೆಯ ಹಾರ್ಪಿ ಸಮಾಧಿಯೂ ಒಂದು ಎತ್ತರದ ಕಂಬ. ತಮಗೆ ಬೇಕಾದುದನ್ನು ಆರಿಸಿಕೊಂಡವರ ಕೆಲಸ ಇದು.

ಮುಂದಿನ ಕೆಲಸ ಕಂಬಗಳ ನಡುವಿನ ನೆರೀಡ್‌ಗಳು, ಅಂದರೆ ಸಮುದ್ರಕನ್ಯೆಯರು. ಗಾಳಿಗೆ ಮೈಗಂಟಿದ ಅವರ ಉಡುಗೆಗೆ ಟಿಶ್ಯೂ ಕಾಗದವನ್ನು ಅಂಟಿನಲ್ಲಿ ನೆನೆಸಿ ನೋಡುತ್ತೇನೆ. ಕಾಲಡಿಯ ಡಾಲ್ಫಿನ್, ಏಡಿಗಳಿಗೆ ಮತ್ತೆ ಪುಟ್ಟಿಯೇ ಆಗಬೇಕು.